ಗ್ರಂಥಯಾದಿಯ ದುರುಸ್ತಿ

(ವಿಜಯಪುರದಲ್ಲಿ ಕೂಡಿದ ಶಾಲಾಶಿಕ್ಷಕರ ಮತ್ತು ವಾಚನಾಲಯಗಳ ಚಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಗ್ರಂಥಾಲಯದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ತಾವು ಅಪ್ಪಣೆ ಕೊಟ್ಟಿದ್ದೀರಿ. ಇಂಥ ಸಭೆಗಳಲ್ಲಿ ಗ್ರಂಥಗಳ ಮಹಿಮೆಯನ್ನು ಕೊಂಡಾಡುವುದು ರೂಢಿ. ನಾವು ಆ ದಾರಿಯನ್ನು ಬಿಟ್ಟು, ಗ್ರಂಥಗಳ ಯಾದಿಯ ವಿಷಯವನ್ನು, ಅದರಲ್ಲಿಯೂ ಹಿಂದಿನವರು ಬರೆದಿಟ್ಟ ಯಾದಿಯನ್ನು ದುರುಸ್ತಿ ಮಾಡುವ ಕೆಲಸವನ್ನು ಎತ್ತಿಕೊಳ್ಳುವೆವು. ಇದು ಒಣ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಕಪಾಟಿನಲ್ಲಿ ಪುಸ್ತಕವಿದ್ದೂ ಯಾದಿಯಲ್ಲಿ ಅದರ ಹೆಸರು ತಪ್ಪಿ ಬಿದ್ದಿದ್ದರೆ, ಕೇಳಲು ಬಂದವನಿಗೆ ‘ಇಲ್ಲ’ ಎಂಬ ಉತ್ತರವೇ ದೊರೆಯುವುದು. ಗೆದ್ದಲು ತಿಂದುಹೋದ ಪುಸ್ತಕಕ್ಕೂ ಇದಕ್ಕೂ ಆ ವಾಚಕನ ಪಾಲಿಗೆ ಏನು ಅಂತರವುಂಟು?

ಕನ್ನಡ ನಾಡು 1956ನೆಯ ಇಸವಿಯ ನವೆಂಬರ 1ರಂದು ಒಂದು ರಾಜ್ಯವಾಯಿತು; 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ನಮ್ಮ ಗ್ರಂಥಗಳ ಯಾದಿಗಳು ಮಾತ್ರ ಇನ್ನೂ ಒಂದಾಗಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1867ರ ಕಾಯದೆಯಂತೆ ಅಚ್ಚಾದ ಪುಸ್ತಕಗಳನ್ನು ಸರಕಾರಕ್ಕೆ ಒಪ್ಪಿಸಬೇಕಾಗಿತ್ತು. ಆಯಾ ಇಲಾಖೆಯ ಸರಕಾರವು ಮೂರು ತಿಂಗಳಿಗೊಮ್ಮೆ ಅವುಗಳ ಯಾದಿಯನ್ನು ಪ್ರಕಟಿಸುತ್ತಿತ್ತು. ಧಾರವಾಡದ ಪುಸ್ತಕವು ಮುಂಬಯಿಯ ಯಾದಿಯಲ್ಲಿ ಸೇರಿದರೆ ಮಂಗಳೂರಿನದು ಮದ್ರಾಸಿನ ಯಾದಿಯಲ್ಲಿ ಸೇರಿತು. ಮೈಸೂರಿನ ಮತ್ತು ಹೈದರಾಬಾದಿನ ಸಂಸ್ಥಾನಗಳ ದಾರಿಯೇ ಬೇರೆ. ಆಂಗ್ಲ ಅಧಿಕಾರಿಗಳ ದಫ್ತರಗಳಲ್ಲಿ ನಮ್ಮ ಭಾಷೆಗೆ ‘ಕ್ಯಾನರೀಸ್’ ಎಂಬ ಹೆಸರು. ಹೀಗಿರಲು, ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದ್ದ ನಮ್ಮ ಪುಸ್ತಕಗಳ ಯಾದಿಯನ್ನು 1910ರಲ್ಲಿ ಹೊರಡಿಸಿದ ಬಾರ್ನೆಟ್ ಪಂಡಿತರು ಅದರ ಮುಖಪೃಷ್ಠದ ಮೇಲೆಯೇ ‘ಕನ್ನಡ’ ಎಂದು ಅಚ್ಚು ಮಾಡಿಸಿದರೆಂಬುದು ನೆನೆಯತಕ್ಕ ಸಂಗತಿ. ಪರದೇಶದವನಿಗೆ ತಿಳಿದದ್ದು ನಮ್ಮವರಿಗೆ ತಿಳಿಯಲು ತಡವಾಯಿತು!

ಮೊದಲನೆಯ ತೊಡಕು ಲಿಪಿಯದು. ಇಂಗ್ಲಿಷ್ ಅಕ್ಷರಗಳಲ್ಲಿ ಚಿಹ್ನೆಗಳಿಲ್ಲದೆ ಬರೆದಾಗ ಲಕಾರ ಳಕಾರಗಳ ಭೇದವೂ ಹ್ರಸ್ವ ದೀರ್ಘಗಳ ಭೇದವೂ ಅಳಿಯುತ್ತವೆ. ಕಲೆಯ ಪುಸ್ತಕವೋ ಕಳೆಯ ಪುಸ್ತಕವೋ ತಿಳಿಯದು. ಬೆಳೆಯ ಮೇಲಣ ಪುಸ್ತಕವನ್ನು ಬೆಲೆಯ ಪುಸ್ತಕವೆಂದು ಬಗೆದು ಒಕ್ಕಲುತನದಿಂದ ಅರ್ಥಶಾಸ್ತ್ರಕ್ಕೆ ಸಾಗಿಸಬಲ್ಲ ಕಾರಕೂನನನ್ನು ನಾವು ದೂಷಿಸಲಾರೆವು. ಅವನ ಮುಂದಿದ್ದ ಅಕ್ಷರಗಳೇ ಅಷ್ಟು. ದೇವನಾಗರಿಯಲ್ಲಿ ಳಕಾರವು ಉಳಿಯುತ್ತದೆ, ಆದರೆ ಮರಾಠಿಯ ರೂಢಿಯ ಬರವಣಿಗೆಯಲ್ಲಿ ಎ-ಏ, ಒ-ಓಗಳ ಭೇದವಿಲ್ಲದ್ದರಿಂದ ‘ಕೊಡು’ವಿಗೂ ‘ಕೋಡು’ವಿಗೂ ಒಂದೇ ರೂಪ ಬರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮಹಾರಾಷ್ಟ್ರದಲ್ಲಿ ಉಳಿದಿರುವುದರಿಂದ ಈ ಮಾತು ನಮಗೆ ದೂರದ್ದಲ್ಲ. ತಿಕೋಟಾದವರಿಗಂತೂ ಜತ್ತವು ನೆರೆಮನೆ. ಬಬಲೇಶ್ವರದ ಹೆಸರನ್ನೇ ನೋಡಿರಿ. ಇಂಗ್ಲಿಷಿನಲ್ಲಿ ಒಬ್ಬನು ನಡುವೆ ಸ್ವರವಿಟ್ಟು ಬರೆಯುತ್ತಾನೆ, ಇನ್ನೊಬ್ಬನು ‘ಬಬ್ಲೇಶ್ವರ’ವೆಂಬಂತೆ ಸ್ವರ ನುಂಗಿ ಬರೆಯುತ್ತಾನೆ, ಅಕಾರಾದಿಯಲ್ಲಿ ಒಂದೇ ಊರು ಎರಡು ಕಡೆ ಬೀಳುತ್ತದೆ. ಗಣಕಯಂತ್ರವು ಬಂದ ಮೇಲೆ ಈ ತೊಂದರೆ ತೀರಿತೆಂದು ತಿಳಿಯಬೇಡಿರಿ. ಯೂನಿಕೋಡ್ ರೂಢಿಗೆ ಬರುವ ಮೊದಲು ಬೇರೆ ಬೇರೆ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ನಮೂದುಗಳು ಈಗ ತೆರೆದರೆ ಬರಿಯ ಗೊಂದಲದ ಗುರುತುಗಳಾಗಿ ಕಾಣುತ್ತವೆ.

ಎರಡನೆಯದು ಗ್ರಂಥಕರ್ತರ ಹೆಸರು. ನಮ್ಮ ಭಾಗದಲ್ಲಿ ಅಡ್ಡಹೆಸರು ಕೊನೆಗೆ ಬರುವುದು; ಬೇಂದ್ರೆಯವರನ್ನು ‘ಬೇಂದ್ರೆ’ ಎಂದು ಹುಡುಕಬೇಕು. ಹಳೆಯ ಮೈಸೂರಿನ ಕಡೆಗೆ ಊರು, ತಂದೆಗಳ ಮೊದಲಕ್ಷರಗಳು ಮುಂದೆ ನಿಂತು ಸ್ವಂತದ ಹೆಸರು ಕೊನೆಗೆ ಬರುತ್ತದೆ, ಬಿ. ಎಂ. ಶ್ರೀಕಂಠಯ್ಯನವರನ್ನು ‘ಶ್ರೀಕಂಠಯ್ಯ’ ಎಂದೇ ಹುಡುಕಬೇಕು. ಇಷ್ಟರ ಮೇಲೆ ನಮ್ಮ ಚಡಚಣದ ಸಿಂಪಿ ಲಿಂಗಣ್ಣನವರು ಅಡ್ಡಹೆಸರನ್ನು ಮೊದಲಿಗೇ ಇಟ್ಟುಕೊಂಡು ಎರಡೂ ನಿಯಮಗಳನ್ನು ಮುರಿದರು. ಅವರ ಗೆಳೆಯ ಹಲಸಂಗಿಯ ಚೆನ್ನಮಲ್ಲಪ್ಪ ಗಲಗಲಿಯವರು ‘ಮಧುರಚೆನ್ನ’ರಾದರು. ಪೂಜ್ಯ ಹಳಕಟ್ಟಿಯವರ ಗತಿಯೂ ಹೀಗೆಯೇ. ನಾವು ಒಂದು ವಾಚನಾಲಯದಲ್ಲಿ (ಹೆಸರು ಬೇಡ) ಅವರನ್ನು ಮೂರು ಕಡೆ ಕಂಡೆವು: ಇಂಗ್ಲಿಷ್ ಮೊದಲಕ್ಷರ ಹಿಡಿದು ‘ಎಫ್. ಜಿ.’ ಎಂದು ಎಕಾರದಲ್ಲಿ, ‘ಫ. ಗು.’ ಎಂದು ಫಕಾರದಲ್ಲಿ, ‘ರಾವಬಹಾದ್ದೂರ’ ಎಂದು ರಕಾರದಲ್ಲಿ. ‘ಹಳಕಟ್ಟಿ’ ಎಂಬಲ್ಲಿ ಮಾತ್ರ ಏನೂ ಇರಲಿಲ್ಲ. ವಚನಗಳ ತಾಡವೋಲೆಗಳನ್ನು ಮನೆ ಮನೆ ತಿರುಗಿ ಕೂಡಿಹಾಕಿದವರು, ಅವರು ಬಾಳಿ ದುಡಿದ ಈ ನಾಡಿನಲ್ಲಿಯೇ ಮೂವರಾಗಿ ಹಂಚಿಹೋಗಿದ್ದರು.

ಇನ್ನು ಊರಿನ ಹೆಸರು. ಇದರಲ್ಲಿ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಏಕೆಂದರೆ ಅಭಿಮಾನದಿಂದ ಮಾಡುವ ತಪ್ಪು ಇಲ್ಲಿಯೇ ಹೆಚ್ಚು. 2014ರ ನವೆಂಬರ 1ರಿಂದ ನಮ್ಮ ನಗರವು ಅಧಿಕೃತವಾಗಿ ವಿಜಯಪುರವಾಯಿತು. ಆ ಸಂತೋಷದಲ್ಲಿ ಯಾದಿಯೊಳಗಿನ ‘ಬಿಜಾಪುರ’ಗಳನ್ನೆಲ್ಲ ಒಂದೇ ಏಟಿಗೆ ‘ವಿಜಯಪುರ’ ಮಾಡಬೇಕೆಂಬ ಉತ್ಸಾಹಿಗಳಿದ್ದಾರೆ. ಯಂತ್ರವು ಅದನ್ನು ಕ್ಷಣದಲ್ಲಿ ಮಾಡಿಯೂ ಕೊಡುತ್ತದೆ. ಪರಿಣಾಮವನ್ನು ನೋಡಿರಿ. ಛತ್ತೀಸಗಡದಲ್ಲಿಯೂ ಒಂದು ಬಿಜಾಪುರ ಜಿಲ್ಲೆಯಿದೆ; ಅಲ್ಲಿಯ ಬಸ್ತರದ ಕಾಡಿನ ಪುಸ್ತಕಗಳು ಗೋಲಗುಮ್ಮಟದ ನೆರಳಿಗೆ ಬಂದು ಕೂಡುವವು. ಇತ್ತ ದೇವನಹಳ್ಳಿ ತಾಲೂಕಿನಲ್ಲಿಯೂ ಒಂದು ವಿಜಯಪುರವಿದೆ. ಅದರ ಪುಸ್ತಕಗಳು ನಮ್ಮವುಗಳೊಡನೆ ಬೆರೆಯುವವು. ಆದುದರಿಂದ ಹೆಸರಿನ ಜೊತೆಗೆ ಜಿಲ್ಲೆಯನ್ನೂ ರಾಜ್ಯವನ್ನೂ ಕಾಣಿಸದೆ ಗತ್ಯಂತರವಿಲ್ಲ.

ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ 23ನೆಯ ಸಂಪುಟವು ‘ಬಿಜಾಪುರ’ವೆಂಬ ಹೆಸರಿನಿಂದ 1884ರಲ್ಲಿ ಹೊರಟಿತು. ಅದು ವರ್ಣಿಸುವ ಜಿಲ್ಲೆಯಲ್ಲಿ ಬಾದಾಮಿ, ಬಾಗಲಕೋಟೆ, ಹುನಗುಂದಗಳೂ ಸೇರಿದ್ದವು. 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಯಿತು. ವಿಷಯದ ಅಂಕಣದಲ್ಲಿ ‘ವಿಜಯಪುರ ಜಿಲ್ಲೆ’ ಎಂದಷ್ಟೇ ತಿದ್ದಿದರೆ ಬಾದಾಮಿಯ ಶಿಕ್ಷಕನು ತನ್ನ ಊರಿನ ಹಳೆಯ ವೃತ್ತಾಂತವನ್ನು ಎಂದಿಗೂ ಕಾಣಲಾರನು. ಎರಡೂ ಜಿಲ್ಲೆಗಳ ಹೆಸರನ್ನು ಕೊಡಬೇಕು. 1966ರ ಜಿಲ್ಲಾ ಗ್ಯಾಝೆಟಿಯರಿನ ಮೇಲೆ ಮೈಸೂರು ರಾಜ್ಯದ ಹೆಸರಿದೆ. ಅದನ್ನು ಕರ್ನಾಟಕವೆಂದು ತಿದ್ದುವ ಅಧಿಕಾರ ನಮಗಿಲ್ಲ, ಏಕೀಕರಣವನ್ನು ಎಷ್ಟೇ ಪ್ರೀತಿಸಿದರೂ ಇಲ್ಲ. ತಿಕೋಟಾ, ಬಬಲೇಶ್ವರಗಳು ಇತ್ತೀಚೆಗೆ ತಾಲೂಕುಗಳಾದವು. ಅದಕ್ಕೆ ಮೊದಲಿನ ಪುಸ್ತಕವು ಅವನ್ನು ವಿಜಯಪುರ ತಾಲೂಕಿನ ಹಳ್ಳಿಗಳೆಂದರೆ ಅದು ಪುಸ್ತಕದ ತಪ್ಪಲ್ಲ.

ಇಲ್ಲಿಯ ಭೇದವಿಷ್ಟೇ. ಪುಸ್ತಕವು ತನ್ನ ವಿಷಯವಾಗಿ ತಾನೇ ಹೇಳಿಕೊಂಡದ್ದು ಒಂದು: ಮುಖಪೃಷ್ಠದ ಹೆಸರು, ಸ್ಥಳ, ಇಸವಿ. ಅದನ್ನು ಇದ್ದಂತೆ ಇಳಿಸಿಕೊಳ್ಳಬೇಕು, ‘ವಿಜಾಪುರ’ವಿದ್ದರೆ ‘ವಿಜಾಪುರ’ವೇ. ಯಾದಿ ಬರೆದವನು ಪುಸ್ತಕದ ವಿಷಯವಾಗಿ ಹೇಳಿದ್ದು ಇನ್ನೊಂದು: ಯಾರ ಹೆಸರಿನಡಿಯಲ್ಲಿ, ಯಾವ ಊರಿನಡಿಯಲ್ಲಿ, ಯಾವ ವಿಷಯದಡಿಯಲ್ಲಿ ಎಂಬುದು. ದುರುಸ್ತಿಯು ಈ ಎರಡನೆಯದಕ್ಕೆ. ಮೊದಲನೆಯದನ್ನು ಮುಟ್ಟುವುದಾದರೆ, ನಕಲು ಮಾಡುವಾಗ ಕೈತಪ್ಪಿದ್ದನ್ನು ಸರಿಪಡಿಸಲು ಮಾತ್ರ.

ಇದನ್ನು ಮರೆತರೆ ಬಲ್ಲವರೇ ಎಡವುತ್ತಾರೆ. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅವರು ಈ ಊರಿನವರೆಂದೂ ಹಿತಚಿಂತಕ ಮುದ್ರಣಾಲಯವು ಅವರದೆಂದೂ ಬಲ್ಲ ಸದ್ಗೃಹಸ್ಥರೊಬ್ಬರು ‘ಬೆಳಗಾವಿ’ಯನ್ನು ತಪ್ಪೆಂದು ಎಣಿಸಿ ಹೊಡೆದುಹಾಕಿದರೆ ಆಶ್ಚರ್ಯವಿಲ್ಲ. ಆದರೆ ಹಿತಚಿಂತಕವು ಹುಟ್ಟಿದ್ದು 1925ರಲ್ಲಿ. ಸ್ವಂತ ಮುದ್ರಣಾಲಯವಿಲ್ಲದೆ ಆ ಪುಣ್ಯಪುರುಷರು ಪರವೂರಿನ ಅಚ್ಚಿಗೆ ಕೈಯೊಡ್ಡಬೇಕಾಗಿತ್ತೆಂಬ ಇತಿಹಾಸವು ಆ ಒಂದು ಶಬ್ದದೊಡನೆ ಅಳಿಸಿಹೋಗುತ್ತಿತ್ತು.

ಇದೇ ನಗರದ ಆಸಾರ ಮಹಲಿನಲ್ಲಿದ್ದ ಅರಬ್ಬೀ, ಫಾರಸೀ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಅಲ್ಲಿಯ ಇಂಡಿಯಾ ಆಫೀಸಿನ ಅರಬ್ಬೀ ಹಸ್ತಪ್ರತಿಗಳ ಯಾದಿಯನ್ನು ಓಟೋ ಲೋತ್ ಎಂಬವರು 1877ರಲ್ಲಿ ಪ್ರಕಟಿಸಿದರು. ಆ ಸಂಗ್ರಹವು 1982ರಲ್ಲಿ ಬ್ರಿಟಿಷ್ ಲೈಬ್ರರಿಯನ್ನು ಸೇರಿತು. ಹಸ್ತಪ್ರತಿಗಳು ಇಂದಿಗೂ ನಮ್ಮ ಕೈಗೆ ದೂರ. ಅವು ಬಿಜಾಪುರದವೆಂಬ ಒಂದು ಸಾಲು ನಮೂದಿನಲ್ಲಿ ಉಳಿದಿರುವುದರಿಂದಲೇ ನಾವು ಅವನ್ನು ನಮ್ಮವೆಂದು ಹುಡುಕಬಲ್ಲೆವು. ನಿಮ್ಮ ವಾಚನಾಲಯದ ಹಳೆಯ ಪುಸ್ತಕದ ಮೇಲೆ ದಾನಿಯ ಹೆಸರೋ ಮುಚ್ಚಿಹೋದ ಶಾಲೆಯ ಮುದ್ರೆಯೋ ಇದ್ದರೆ, ಅದನ್ನೂ ಯಾದಿಯಲ್ಲಿ ಕಾಣಿಸಿರಿ.

ಕೊನೆಯದಾಗಿ ಒಂದು ಕಷ್ಟದ ನಮೂದು. ಹಲಸಂಗಿಯ ಗೆಳೆಯರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಹೊರಟಿತು. ಅದರ ಕರ್ತರು ಯಾರು? ಗೆಳೆಯರನ್ನು ಕರ್ತರೆಂದು ಬರೆಯುವುದು ಸುಲಭ, ಆದರೆ ಅವರು ಸಂಗ್ರಾಹಕರು. ಹಾಡಿದವರು ಬೀಸುಕಲ್ಲಿನ ಮುಂದೆ ಕುಳಿತ ನಮ್ಮ ತಾಯಂದಿರು, ಅಕ್ಕತಂಗಿಯರು. ಕರ್ತೃವಿನ ಅಂಕಣವನ್ನು ತೆರವಾಗಿ ಬಿಟ್ಟು, ಗೆಳೆಯರನ್ನು ‘ಸಂಗ್ರಾಹಕರು’ ಎಂದು ಕಾಣಿಸಿ, ವಿಷಯದಲ್ಲಿ ‘ಹೆಂಗಸರ ಹಾಡುಗಳು, ವಿಜಯಪುರ ಜಿಲ್ಲೆ’ ಎಂದು ಬರೆಯುವುದು ನಮಗೆ ಯುಕ್ತವಾಗಿ ತೋರುತ್ತದೆ. ತಮ್ಮಲ್ಲಿ ಬೇರೆ ಅಭಿಪ್ರಾಯವುಳ್ಳವರು ಸಭೆಯ ಬಳಿಕ ತಿಳಿಸಬೇಕು.

ಕೆಲಸಕ್ಕೆ ತೊಡಗುವವರು ಹಳೆಯ ನಮೂದನ್ನು ಒರೆಸಬಾರದು. ಓದಲು ಬರುವಂತೆ ಕೆಂಪು ಮಸಿಯ ಒಂದೇ ಗೆರೆಯಿಂದ ಹೊಡೆದು, ಮಗ್ಗುಲಿಗೆ ಹೊಸದನ್ನು ಬರೆದು, ಸಹಿ ಮತ್ತು ತಾರೀಖು ಹಾಕಿರಿ. ಬಿಟ್ಟ ಹೆಸರಿನಲ್ಲಿ ‘ಇಂಥಲ್ಲಿ ನೋಡಿ’ ಎಂಬ ಚೀಟಿಯಿರಲಿ, ‘ಎಫ್. ಜಿ.’ ಎಂದು ಹುಡುಕುವವನೂ ಹಳಕಟ್ಟಿಯವರನ್ನು ಮುಟ್ಟಲಿ. ಮುಖಪೃಷ್ಠವು ಹರಿದುಹೋಗಿದ್ದರೆ ನೀವು ಊಹಿಸಿದ ಹೆಸರನ್ನೂ ಇಸವಿಯನ್ನೂ ಚೌಕ ಕಂಸದಲ್ಲಿ ಬರೆಯಿರಿ, ಅದು ಪುಸ್ತಕದ ಮಾತಲ್ಲವೆಂದು ಮುಂದಿನವನಿಗೆ ತಿಳಿಯಲು. ತಿಕೋಟಾ, ಬಬಲೇಶ್ವರದ ಗುರುಗಳು ಕಥೆ ಕಾದಂಬರಿಗಳ ಕಪಾಟಿಗೆ ಕೈಹಾಕುವ ಮೊದಲು, ಅರಿವೆಯಲ್ಲಿ ಕಟ್ಟಿ ಮೂಲೆಗೆ ಇಟ್ಟಿರುವ ಅಂಥ ಹರಿದ ಪುಸ್ತಕಗಳ ಗಂಟನ್ನು ಬಿಚ್ಚಬೇಕೆಂದು ನಮ್ಮ ವಿನಂತಿ.