ಬಿಸಿಲಿನ ಪಂಚಾಂಗ



ಹುಲಿಕಲ್ಲಿನವನು ಬಿಸಿಲನ್ನು ಕುರಿತು ಮಾತನಾಡುವುದೆಂದರೆ ಬಡವನು ಬಂಗಾರದ ಬೆಲೆ ವಿಚಾರಿಸಿದಂತೆ. ಆಷಾಢ ಶ್ರಾವಣಗಳಲ್ಲಿ ನಮ್ಮ ಘಟ್ಟದ ನೆತ್ತಿಯ ಮೇಲೆ ಸೂರ್ಯನಿದ್ದಾನೆಂದು ನಾವು ನಂಬುವುದು ಪಂಚಾಂಗವನ್ನು ನೋಡಿಯೇ ಹೊರತು ಆಕಾಶವನ್ನು ನೋಡಿಯಲ್ಲ.

ಆದರೂ ಬಿಸಿಲನ್ನು ಮುಂದಾಗಿ ಹೇಳುವುದು ನಮಗೆ ಹೊಸ ವಿದ್ಯೆಯಲ್ಲ. ಅಡಕೆಯ ಸುಗ್ಗಿಯಲ್ಲಿ ಅಮ್ಮ ಬೆಳಗ್ಗೆ ಅಂಗಳಕ್ಕೆ ಬಂದು, ಗಾಳಿಯ ದಿಕ್ಕನ್ನೂ ಗುಡ್ಡದ ಮೇಲಣ ಮಂಜನ್ನೂ ನೋಡಿ, ಬೇಯಿಸಿದ ಅಡಕೆಯನ್ನು ಅಟ್ಟದ ಮೇಲೆ ಹರವಬಹುದೇ ಎಂಬುದನ್ನು ಹೇಳುತ್ತಿದ್ದಳು. ಒಂದು ವರ್ಷ ನಾನು ಹಟ ಹಿಡಿದು, ಅವಳು ಬೇಡವೆಂದರೂ ಹರವಿಸಿದೆ. ಅಕಾಲದ ಮಳೆ ಹಿಡಿದು ಅಡಕೆಗೆ ಬೂಷ್ಟು ಬಂತು. ನನ್ನ ಕಾಲೇಜಿನ ಫೀಜಿಗಾಗಿ ಅಮ್ಮ ಬಳೆ ಅಡವಿಟ್ಟಳು. ಮುನ್ಸೂಚನೆ ತಪ್ಪಿದರೆ ಬೆಲೆ ತೆರುವವರು ಬೇರೆಯವರೆಂಬುದನ್ನು ನಾನು ಕಲಿತದ್ದು ಅಂದು.

ಇಂದು ಗಣಕಯಂತ್ರ ಮಾಡುವುದೂ ಸ್ಥೂಲವಾಗಿ ಅಮ್ಮನ ಕೆಲಸವನ್ನೇ. ನರಜಾಲವೆಂಬ ಗಣಿತದ ಹೆಣಿಗೆಗೆ ಹಿಂದಿನ ವರ್ಷಗಳ ಉಷ್ಣತೆ, ತೇವಾಂಶ, ಗಾಳಿ, ಮೋಡಗಳ ವಿವರವನ್ನು ಒದಗಿಸಿ, ನೆಲಕ್ಕೆ ಬಿದ್ದ ಬಿಸಿಲೆಷ್ಟೆಂದು ಊಹಿಸಹೇಳುತ್ತಾರೆ. ಊಹೆಗೂ ಅಳತೆಗೂ ಇರುವ ಅಂತರವನ್ನು ಹಿಂದಕ್ಕೆ ಹಾಯಿಸಿ, ಯಾವ ಅಂಶಕ್ಕೆ ಎಷ್ಟು ತೂಕವೆಂಬುದನ್ನು ತುಸುತುಸುವೇ ತಿದ್ದುತ್ತಾರೆ. ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಂಬ ಮೂವರು 1986ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಕ್ರಮ ಪ್ರಸಿದ್ಧಿಗೆ ಬಂತು. ಸೂರ್ಯನ ಗತಿಯನ್ನು ಜೋಯಿಸರೂ ಲೆಕ್ಕ ಹಾಕಬಲ್ಲರು; ತೊಡಕೆಲ್ಲ ಮೋಡದ್ದು.

ಇದರಿಂದ ನಮಗೇನು ಎಂದು ತಾವು ಕೇಳಬಹುದು. ಪಾವಗಡದ ಸುಮಾರು 13,000 ಎಕರೆಯ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿ ಮೋಡ ಕವಿದರೆ ಉತ್ಪಾದನೆ ಇಳಿಯುತ್ತದೆ. ಕಲ್ಲಿದ್ದಲಿನ ಸ್ಥಾವರ ನಿಧಾನವಾಗಿ ಏಳುವಂಥದು; ನೀರಿನ ಯಂತ್ರವಾದರೋ ನಿಮಿಷಗಳಲ್ಲಿ ತಿರುಗುತ್ತದೆ. ಆದ್ದರಿಂದ ಬಯಲುಸೀಮೆಯ ಮೋಡ ಮಲೆನಾಡಿನ ನೀರನ್ನು ಕರೆಯುತ್ತದೆ: ಶರಾವತಿಯನ್ನು ಕರೆಯುತ್ತದೆ, ಮಾಣಿ ಜಲಾಶಯದಿಂದ ಘಟ್ಟದ ಕೆಳಗಿನ ಭೂಗರ್ಭ ವಿದ್ಯುದಾಗಾರಕ್ಕಿಳಿಯುವ ವರಾಹಿಯನ್ನು ಕರೆಯುತ್ತದೆ. ದಿನವನ್ನು ಹದಿನೈದು ನಿಮಿಷಗಳ 96 ಭಾಗ ಮಾಡಿ, ಒಂದೊಂದಕ್ಕೂ ಮುಂಗಡ ಲೆಕ್ಕ ಇಡುವುದು ಇದಕ್ಕಾಗಿಯೇ. ಲೆಕ್ಕ ಸರಿಯಿದ್ದಷ್ಟೂ ಬೇಸಗೆಗೆ ನೀರು ಉಳಿದೀತು.

ಆ ನೀರು ಸುಮ್ಮನೆ ನಿಂತದ್ದಲ್ಲ. ಅದರ ಅಡಿಯಲ್ಲಿ ಮನೆಗಳಿವೆ, ತೋಟಗಳಿವೆ. 1964ರಲ್ಲಿ ಮುಗಿದ ಲಿಂಗನಮಕ್ಕಿಗಾಗಿ ಎದ್ದುಹೋದ ಕುಟುಂಬಗಳ ನೆಲದ ಹಕ್ಕಿನ ಪ್ರಶ್ನೆ ದಶಕಗಳ ಬಳಿಕವೂ ಪೂರ್ತಿ ಬಗೆಹರಿಯಲಿಲ್ಲ. ಅಂಥ ನೀರನ್ನು ತಪ್ಪು ಊಹೆಗೆ ಹರಿಯಬಿಡುವುದು ನ್ಯಾಯವಲ್ಲ.

ಇನ್ನೊಂದು ಮಾತು. ಪಾವಗಡದ ಆಕಾಶವನ್ನೋದಿ ಬೆಳೆದ ಯಂತ್ರಕ್ಕೆ ಹುಲಿಕಲ್ಲಿನ ಮಂಜು ತಿಳಿಯದು. ಇಲ್ಲಿಯ ಮಾಡುಗಳ ಮೇಲೂ ಸೌರಫಲಕಗಳು ಬರುತ್ತಿರುವಾಗ, ಇಲ್ಲಿಯ ಬಿಸಿಲನ್ನು ಇಲ್ಲಿಯೇ ಅಳೆದು ವರ್ಷವರ್ಷವೂ ಬರೆದಿಡಬೇಕು. ಅಮ್ಮನ ಅರಿವು ಅವಳೊಂದಿಗೇ ಹೋಯಿತು. ನಾನು ಅದನ್ನು ಬರೆದುಕೊಳ್ಳಲಿಲ್ಲ. ಆ ತಪ್ಪು ಊರಿನದಾಗದಿರಲಿ.