ಬಾವಿಯ ಆಳದಲ್ಲಿ ಭಾರ ಎಷ್ಟು?



ಸುವರ್ಣ ಮಹೋತ್ಸವದಲ್ಲಿ ಏನು ಮಾತಾಡಲಿ ಎಂದು ಯೋಚಿಸಿದಾಗ ನಾನು ಮಾಡಿದ ಒಂದು ತಪ್ಪು ನೆನಪಾಯಿತು. ಅದನ್ನೇ ಹೇಳುತ್ತೇನೆ.

ಈ ಶಾಲೆ ಮುಗಿಸಿ ಪಿಯುಸಿಗೆಂದು ಕಲಬುರಗಿಗೆ ಹೋದೆ. ಆಗ ಅದಕ್ಕೆ ಗುಲಬರ್ಗಾ ಎನ್ನುತ್ತಿದ್ದರು. ಅಲ್ಲಿ ಭೌತಶಾಸ್ತ್ರದಲ್ಲಿ ಒಂದು ಸೂತ್ರ ಕಲಿತೆ: ಭೂಮಿಯೊಳಗೆ ಇಳಿದಂತೆ ಗುರುತ್ವ ಕಡಿಮೆಯಾಗುತ್ತದೆ, ಕೇಂದ್ರದಲ್ಲಿ ಸೊನ್ನೆ. ಶನಿವಾರ ಹುಮನಾಬಾದ್ ಬಸ್ಸು ಹಿಡಿದು ಕಮಲಾಪುರಕ್ಕೆ ಬಂದವನೇ ಅದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಬಾವಿ ತೋಡುವ ಕೆಲಸದವರು.

"ಆಳಕ್ಕ ಹೋದಂಗ ಬುಟ್ಟಿ ಭಾರ ಆಗ್ತದ ನೋಡು" ಎಂದರು.

"ಪುಸ್ತಕದಾಗ ಹಗುರ ಆಗ್ತದಂತ ಅದ. ನಿನಗ ತಿಳಿಯಂಗಿಲ್ಲ ಬಿಡಪ್ಪ" ಎಂದೆ. ಅವರು ನಕ್ಕು ಸುಮ್ಮನಾದರು.

ಬಿಇ ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ಭಾನುವಾರ ಕೋಲಾರದ ಚಿನ್ನದ ಗಣಿ ಪ್ರದೇಶ ನೋಡಲು ಹೋಗಿದ್ದೆ. 2001ರಲ್ಲಿ ಮುಚ್ಚಿದ ಆ ಗಣಿಯ ಆಳ 3 ಕಿ.ಮೀ.ಗೂ ಹೆಚ್ಚು. 60 ಕಿಲೋ ತೂಕದವನು ಅಷ್ಟು ಕೆಳಗಿಳಿದರೆ, ನಾನು ಕಲಿತ ಸೂತ್ರದ ಪ್ರಕಾರ ಸುಮಾರು 30 ಗ್ರಾಂ ಹಗುರಾಗಬೇಕು. ನಿಜವಾದ ಬಂಡೆಯ ಸಾಂದ್ರತೆ ಹಾಕಿ ಲೆಕ್ಕ ಮಾಡಿದೆ. ಸುಮಾರು 10 ಗ್ರಾಂ ಹೆಚ್ಚಾಯಿತು!

ಮಕ್ಕಳೇ, ಕೆಳಗಿಳಿದಾಗ ಎರಡು ಸಂಗತಿ ನಡೆಯುತ್ತವೆ. ಮೇಲೆ ಉಳಿದ ಸಿಪ್ಪೆಯಂಥ ಪದರದ ಸೆಳೆತ ಎಲ್ಲ ಕಡೆಯಿಂದ ಸೇರಿ ರದ್ದಾಗುತ್ತದೆ. ಅದು ನಷ್ಟ. ಕೇಂದ್ರ ಹತ್ತಿರವಾಗುತ್ತದೆ. ಅದು ಲಾಭ. ಭೂಮಿಯ ಸಾಂದ್ರತೆ ಎಲ್ಲೆಡೆ ಒಂದೇ ಇದ್ದರೆ ನಷ್ಟವೇ ಹೆಚ್ಚು. ಆದರೆ ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.5 ಪಟ್ಟು, ನಮ್ಮ ಊರಿನ ಕರಿಕಲ್ಲಿನದು ಸುಮಾರು 3 ಪಟ್ಟು ಮಾತ್ರ. ಒಳಗಿನ ಕಬ್ಬಿಣದ ತಿರುಳಿನ ಕಡೆಗೆ ಸಾಂದ್ರತೆ ಹೆಚ್ಚು. ಹಾಗಾಗಿ ಮೊದಲು ಲಾಭವೇ ಹೆಚ್ಚು. ಸುಮಾರು 2,900 ಕಿ.ಮೀ. ಆಳದಲ್ಲಿ, ತಿರುಳಿನ ಅಂಚಿನಲ್ಲಿ, ಗುರುತ್ವ 9.8ರಿಂದ 10.7ರ ಹತ್ತಿರಕ್ಕೆ ಏರುತ್ತದೆ. ಅಲ್ಲಿಂದ ಮುಂದೆ ಇಳಿದು ಕೇಂದ್ರದಲ್ಲಿ ಸೊನ್ನೆಯಾಗುತ್ತದೆ. 1854ರಲ್ಲಿಯೇ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲ ಗಣಿಯಲ್ಲಿ ಜಾರ್ಜ್ ಏರಿ ಇದನ್ನು ಅಳೆದಿದ್ದ. ಸುಮಾರು 380 ಮೀಟರ್ ಕೆಳಗೆ ಲೋಲಕ ದಿನಕ್ಕೆ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಮುಂದೆ ಓಡಿತ್ತು.

ಪುಸ್ತಕ ಸುಳ್ಳು ಹೇಳಿರಲಿಲ್ಲ. "ಸಾಂದ್ರತೆ ಎಲ್ಲೆಡೆ ಒಂದೇ ಎಂದು ಭಾವಿಸೋಣ" ಎಂಬ ಸಾಲು ಅದರಲ್ಲಿತ್ತು. ನಾನು ಅದನ್ನು ಬಿಟ್ಟು ಸೂತ್ರವನ್ನಷ್ಟೇ ಬಾಯಿಪಾಠ ಮಾಡಿದ್ದೆ. ಇಂದು ನನ್ನ ಸಾಫ್ಟ್‌ವೇರ್ ಕೆಲಸದಲ್ಲೂ ಹೆಚ್ಚಿನ ತಪ್ಪುಗಳು ಇಂಥ "ಭಾವಿಸೋಣ" ಸಾಲಿನಲ್ಲೇ ಸಿಗುತ್ತವೆ.

ಹಾಗಂತ ಅಪ್ಪನ ಕೈಗೆ ಗುರುತ್ವದ ಈ ವ್ಯತ್ಯಾಸ ತಿಳಿದಿತ್ತೆಂದಲ್ಲ. ಬಾವಿಯ ಆಳದಲ್ಲಿ ಅದು ಕೈಗೆ ತಿಳಿಯುವಷ್ಟು ಇರದು. ಆಳ ಹೆಚ್ಚಿದಂತೆ ಹಗ್ಗ ಉದ್ದವಾಗುತ್ತದೆ, ಬುಟ್ಟಿಯ ಜೊತೆ ಹಗ್ಗದ ತೂಕವನ್ನೂ ಎಳೆಯಬೇಕು. "ಯಾಕ ಭಾರ ಆಗ್ತದಪ್ಪಾ?" ಎಂದು ಅಂದು ಕೇಳಿದ್ದರೆ ಅದನ್ನು ಅವರೇ ಹೇಳುತ್ತಿದ್ದರೇನೋ. ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅಪ್ಪ ಇಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲಿ ಕೇಳಲು ಇನ್ನೂ ಹಿರಿಯರಿದ್ದಾರೆ. ಪುಸ್ತಕವನ್ನು ಪೂರ್ತಿ ಓದಿ, ಅವರನ್ನೂ ಕೇಳಿ.