ಒಂದೊಂದೇ ಇಟ್ಟಿಗೆ: ಮೈನ್‌ಕ್ರಾಫ್ಟ್ ಆಟ ರೂಪುಗೊಂಡ ಬಗೆ



ಮನೆ ಕಟ್ಟುವ ಜಾಗದಲ್ಲಿ ಮರಳಿನ ರಾಶಿ ಬಿದ್ದಿದ್ದರೆ ಮಕ್ಕಳು ಏನು ಮಾಡುತ್ತಾರೆ ಎಂಬುದು ನಿಮಗೆ ಗೊತ್ತು. ಒದ್ದೆ ಮರಳಿನೊಳಗೆ ಪಾದವಿಟ್ಟು, ಮೇಲಿನಿಂದ ಮರಳು ತಟ್ಟಿ, ಮೆಲ್ಲಗೆ ಪಾದವನ್ನು ಹೊರಗೆಳೆದುಕೊಂಡರೆ ಒಂದು ಗುಬ್ಬಚ್ಚಿ ಗೂಡು. ಅದರ ಪಕ್ಕಕ್ಕೆ ಒಂದು ಬಾವಿ, ಬಾವಿಗೊಂದು ದಾರಿ. ಈ ಆಟಕ್ಕೆ ನಿಯಮಗಳಿಲ್ಲ, ಗೆದ್ದವರು ಸೋತವರು ಎಂಬ ಲೆಕ್ಕವೂ ಇಲ್ಲ. ಸಂಜೆ ಅಮ್ಮ ಕೂಗಿ ಕರೆಯುವವರೆಗೆ ನಡೆಯುತ್ತದೆ, ಅಷ್ಟೆ.

ಕಂಪ್ಯೂಟರಿನ ಪರದೆಯ ಮೇಲೆ ಇಂಥದೇ ಒಂದು ಆಟ ಇದೆ. ಅದರ ಹೆಸರು ಮೈನ್‌ಕ್ರಾಫ್ಟ್. ಅದರಲ್ಲಿ ಇಡೀ ಪ್ರಪಂಚವೇ ಚೌಕಟ್ಟಾದ ಘನಗಳಿಂದ ಆಗಿದೆ. ಮಣ್ಣು, ಕಲ್ಲು, ಮರ, ನೀರು, ಎಲ್ಲವೂ ಇಟ್ಟಿಗೆಯಾಕಾರ. ಒಂದನ್ನು ಅಗೆದು ತೆಗೆಯಬಹುದು, ಇನ್ನೊಂದು ಕಡೆ ಇಡಬಹುದು. 2023ರ ಹೊತ್ತಿಗೆ ಈ ಆಟದ 30 ಕೋಟಿಗೂ ಮಿಕ್ಕಿದ ಪ್ರತಿಗಳು ಮಾರಾಟವಾಗಿದ್ದವು. ನಿಮ್ಮಲ್ಲಿ ಕೆಲವರು ಇದನ್ನು ಆಡಿಯೂ ಇರಬಹುದು. ಆದರೆ ಆಟ ಆಡುವುದು ಹೇಗೆ ಎಂದು ಹೇಳಲು ನಾನು ಬಂದಿಲ್ಲ. ಆ ವಿಷಯದಲ್ಲಿ ನೀವೇ ನನಗೆ ಹೇಳಿಕೊಡಬೇಕು. ಇದು ಹುಟ್ಟಿದ ಮೊದಲ ಎರಡೂವರೆ ವರ್ಷದ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಅದರ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. ಬೇರೆಯವರ ಕೆಲಸವನ್ನು ನೋಡಿ ನಾವು ಒಂದು ಕೆಲಸ ಮಾಡಿದರೆ ಅದು ನಕಲೇ, ನಮ್ಮದೇ?

ಮಾರ್ಕುಸ್ ಪರ್ಸನ್ ಹುಟ್ಟಿದ್ದು 1979ರಲ್ಲಿ, ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ. ಮನೆಗೆ ಅಪ್ಪ ತಂದಿದ್ದ ಕಮೊಡೋರ್ 128 ಎಂಬ ಕಂಪ್ಯೂಟರಿನಲ್ಲಿ ಸಿದ್ಧ ಕ್ರಮವಿಧಿಗಳನ್ನು ಸಾಲು ಸಾಲಾಗಿ ಟೈಪ್ ಮಾಡುತ್ತ, ಅವನ್ನು ಅಲ್ಲಲ್ಲಿ ಬದಲಿಸಿ ಏನಾಗುತ್ತದೆಂದು ನೋಡುತ್ತ, ಆ ಹುಡುಗ ಎಂಟನೆಯ ವಯಸ್ಸಿಗೇ ಅಕ್ಷರಗಳಲ್ಲಿ ಆಡುವ ಒಂದು ಸಣ್ಣ ಆಟ ಬರೆದ. ದೊಡ್ಡವರಾದ ಮೇಲೆ ಪರ್ಸನ್ ಸ್ಟಾಕ್‌ಹೋಮ್‌ನ ಒಂದು ಕಂಪನಿಯಲ್ಲಿ ಆಟಗಳನ್ನು ಬರೆಯುವ ನೌಕರಿಗೆ ಸೇರಿದರು. ಹಗಲು ಕಂಪನಿಯ ಆಟ, ಬಿಡುವಿನಲ್ಲಿ ಸ್ವಂತ ಆಟ.

2009ರ ಆರಂಭದಲ್ಲಿ ಅವರು ಬಿಡುವಿನಲ್ಲಿ ಮಾಡುತ್ತಿದ್ದ ಆಟದ ಹೆಸರು ರೂಬಿಡಂಗ್. ಮೇಲಿನಿಂದ ಓರೆಯಾಗಿ ನೋಡುತ್ತ ನೆಲೆ ಕಟ್ಟುವ ಆಟ. ಡ್ವಾರ್ಫ್ ಫೋರ್ಟ್‌ರೆಸ್ ಎಂಬ ಇನ್ನೊಂದು ಆಟದಿಂದ ಅದಕ್ಕೆ ಪ್ರೇರಣೆ ಸಿಕ್ಕಿತ್ತು. ಅಮೆರಿಕದ ಆಡಮ್ಸ್ ಸಹೋದರರು 2006ರಿಂದ ಬಿಡುಗಡೆ ಮಾಡುತ್ತ ಬಂದಿದ್ದ ಆ ಆಟದಲ್ಲಿ ಚಿತ್ರಗಳೇ ಇರಲಿಲ್ಲ, ಕೀಲಿಮಣೆಯ ಅಕ್ಷರಗಳೇ ಬೆಟ್ಟ, ಅಕ್ಷರಗಳೇ ಮನುಷ್ಯರು. ಪರ್ಸನ್ ತಮ್ಮ ರೂಬಿಡಂಗ್ ಆಟದಲ್ಲಿ ಒಂದು ಪ್ರಯೋಗ ಮಾಡಿ ನೋಡಿದರು: ಮೇಲಿನಿಂದ ನೋಡುವ ಬದಲು, ಆ ಲೋಕದೊಳಗೆ ನಿಂತ ಒಬ್ಬನ ಕಣ್ಣಿನಿಂದ ನೋಡಿದರೆ ಹೇಗೆ? ಎಲ್ಲವೂ ಒರಟು ಒರಟಾಗಿ, ಚುಕ್ಕೆ ಚುಕ್ಕೆಯಾಗಿ ಕಾಣಿಸಿತು. ಚೆನ್ನಾಗಿಲ್ಲ ಎಂದು ಅದನ್ನು ಕೈಬಿಟ್ಟರು. ಯಾವ ಒರಟುತನ ಮುಂದೆ ಲೋಕಪ್ರಸಿದ್ಧವಾಯಿತೋ ಅದನ್ನೇ ಅವರು ಮೊದಲು ಬೇಡವೆಂದು ತೆಗೆದಿಟ್ಟಿದ್ದರು!

ಈಗ ಅಮೆರಿಕದ ಕಡೆಗೆ ಬನ್ನಿ. ಅದೇ 2009ರ ವಸಂತದಲ್ಲಿ ಜ್ಯಾಕರಿ ಬಾರ್ತ್ ಎಂಬ ಯುವಕ ಇನ್ಫಿನಿಮೈನರ್ ಎಂಬ ಆಟ ಬಿಡುಗಡೆ ಮಾಡಿದರು. ಘನಗಳಿಂದಾದ ಬೆಟ್ಟ, ಎರಡು ತಂಡಗಳು, ನೆಲ ಅಗೆದು ಬೆಲೆಬಾಳುವ ಲೋಹಗಳನ್ನು ಮೇಲಕ್ಕೆ ತಂದ ತಂಡಕ್ಕೆ ಅಂಕ. ಬಾರ್ತ್ ಯೋಚಿಸಿದ್ದು ಪೈಪೋಟಿಯ ಆಟವನ್ನು. ಆಡುವವರು ಮಾಡಿದ್ದೇ ಬೇರೆ. ಅಂಕ ಗಳಿಸುವುದನ್ನು ಬಿಟ್ಟು ಅವರು ಘನಗಳನ್ನು ಜೋಡಿಸಿ ಏನೇನೋ ಕಟ್ಟುತ್ತ ಕುಳಿತರು. ಮರಳಿನ ರಾಶಿಯ ಹತ್ತಿರ ಓಟದ ಪಂದ್ಯ ಏರ್ಪಡಿಸಿದರೆ ಮಕ್ಕಳು ಗೂಡು ಕಟ್ಟುತ್ತ ಉಳಿದ ಹಾಗೆ.

ಅಷ್ಟರಲ್ಲಿ ಬಾರ್ತ್ ಅವರಿಗೆ ಒಂದು ಪೆಟ್ಟು ಬಿತ್ತು. ಕ್ರಮವಿಧಿ ಬರೆದವರು ಅದರ ಮೂಲ ಸಂಕೇತವನ್ನು ಬೇರೆಯವರು ಸುಲಭವಾಗಿ ಓದಲಾಗದಂತೆ ಮರೆಮಾಚುವ ಪದ್ಧತಿ ಇದೆ. ಬಾರ್ತ್ ಅದನ್ನು ಮಾಡಿರಲಿಲ್ಲ. ಕೆಲವರು ಆಟದ ಕಡತವನ್ನು ಬಿಚ್ಚಿ, ಮೂಲ ಸಂಕೇತವನ್ನು ಹೊರತೆಗೆದು, ತಮಗೆ ಬೇಕಾದ ಹಾಗೆ ತಿದ್ದತೊಡಗಿದರು. ಕೆಲವರ ತಿದ್ದುಪಡಿ ಆಟ ಕೆಡಿಸುವುದಕ್ಕೇ ಆಗಿತ್ತು. ಇನ್ನು ಕೆಲವರದು ಒಂದರೊಡನೊಂದು ಹೊಂದದ ಬೇರೆ ಬೇರೆ ರೂಪಗಳಾದವು, ಆಡುವವರು ಚದುರಿಹೋದರು. ಬಿಡುಗಡೆಯಾಗಿ ತಿಂಗಳು ತುಂಬುವ ಮೊದಲೇ ಬಾರ್ತ್ ಅದರ ಕೆಲಸ ನಿಲ್ಲಿಸಿದರು. ಮೂಲ ಸಂಕೇತವನ್ನು ಯಾರು ಬೇಕಾದರೂ ಬಳಸಬಹುದೆಂದು ಬಹಿರಂಗವಾಗಿ ಬಿಟ್ಟುಕೊಟ್ಟರು.

ಇನ್ಫಿನಿಮೈನರ್ ನೋಡಿದ ಪರ್ಸನ್‌ಗೆ ತಾವು ಹುಡುಕುತ್ತಿದ್ದುದು ಇದೇ ಎನ್ನಿಸಿತು. ಕೈಬಿಟ್ಟಿದ್ದ ಆ ಒರಟು ನೋಟ ಇಲ್ಲಿ ಸರಿಯಾಗಿ ಕೂತಿತ್ತು. 2009ರ ಮೇ 10ರ ಹೊತ್ತಿಗೆ ಜಾವಾ ಭಾಷೆಯಲ್ಲಿ ಕೆಲಸ ಆರಂಭಿಸಿದರು. ಆಗ ಅವರ ವಯಸ್ಸು ಮೂವತ್ತು ತುಂಬಲು ಮೂರು ವಾರ ಬಾಕಿ. ಮೇ 13ರಂದು ಎರಡು ನಿಮಿಷವೂ ಇಲ್ಲದ ಒಂದು ಚಲನಚಿತ್ರ ತುಣುಕನ್ನು ಅಂತರಜಾಲದಲ್ಲಿ ತೋರಿಸಿದರು. ಜೊತೆಗಿದ್ದ ವಿವರಣೆಯಲ್ಲಿ, ಇದು ಇನ್ಫಿನಿಮೈನರ್ ಆಟದ ತದ್ರೂಪಿನ ಮೊದಲ ಪರೀಕ್ಷೆ ಎಂದು ತಾವೇ ಹೇಳಿಕೊಂಡರು. ಮೇ 17ರಂದು ಯಾರು ಬೇಕಾದರೂ ಆಡಲೆಂದು ಹೊರಗೆ ಬಿಟ್ಟರು. ಮೊದಲು 'ಕೇವ್ ಗೇಮ್', ಅಂದರೆ ಗುಹೆಯ ಆಟ, ಎಂದಿದ್ದ ಹೆಸರು ಆ ವೇಳೆಗೆ ಮೈನ್‌ಕ್ರಾಫ್ಟ್ ಆಗಿತ್ತು. ಸ್ವಲ್ಪ ಕಾಲ ಅದಕ್ಕೆ 'ಆರ್ಡರ್ ಆಫ್ ದಿ ಸ್ಟೋನ್' ಎಂಬ ಬಾಲವೂ ಇತ್ತು, ಪುಣ್ಯಕ್ಕೆ ಉದುರಿತು.

ಆ ಮೊದಲ ಪರೀಕ್ಷೆಯಲ್ಲಿ ಇದ್ದದ್ದು ಎರಡೇ ಬಗೆಯ ಇಟ್ಟಿಗೆ: ಹುಲ್ಲು ಮತ್ತು ಕಲ್ಲು. ಪ್ರಪಂಚದ ಉದ್ದ 256 ಇಟ್ಟಿಗೆ, ಅಗಲ 256, ಎತ್ತರ 64. ಗುಣಿಸಿ ನೋಡಿ: 41,94,304 ಇಟ್ಟಿಗೆಗಳು. ಒಂದೊಂದು ಸ್ಥಾನದಲ್ಲಿ ಯಾವ ಬಗೆಯ ಇಟ್ಟಿಗೆ ಇದೆ ಎಂದು ನೆನಪಿಡಲು ಒಂದು ಬೈಟ್ ಸಾಕು. ಆದ್ದರಿಂದ ಇಡೀ ಪ್ರಪಂಚ ಸುಮಾರು 4 ಮೆಗಾಬೈಟ್‌ಗಳಲ್ಲಿ ಅಡಗುತ್ತದೆ. ಆದರೆ ನಲವತ್ತು ಲಕ್ಷ ಘನಗಳನ್ನು ಪರದೆಯ ಮೇಲೆ ಬರೆಯಲು ಹೊರಟರೆ ಯಂತ್ರ ಸುಸ್ತಾಗದೆ? ಇದಕ್ಕೆ ಉಪಾಯ ಸರಳ. ಆರೂ ಕಡೆ ಬೇರೆ ಘನಗಳಿಂದ ಮುಚ್ಚಿಹೋದ ಘನ ಯಾರ ಕಣ್ಣಿಗೂ ಬೀಳುವುದಿಲ್ಲ, ಅದನ್ನು ಬರೆಯುವ ಅಗತ್ಯವೇ ಇಲ್ಲ. ಗಾಳಿಗೆ ತೆರೆದುಕೊಂಡ ಮುಖಗಳನ್ನಷ್ಟೇ ಬರೆದರಾಯಿತು. ನೀವು ಒಂದು ಇಟ್ಟಿಗೆ ಕಿತ್ತಾಗ ಅದರ ಅಕ್ಕಪಕ್ಕದ ಮುಖಗಳು ಹೊಸದಾಗಿ ತೆರೆದುಕೊಳ್ಳುತ್ತವೆ, ಆ ಭಾಗವನ್ನು ಮಾತ್ರ ಮತ್ತೆ ಬರೆಯಲಾಗುತ್ತದೆ.

ಜೂನ್ 13ರಿಂದಲೇ ಪರ್ಸನ್ ಆಟಕ್ಕೆ ಬೆಲೆ ಇಟ್ಟರು. ಮುಗಿಯದ ಆಟಕ್ಕೆ ಬೆಲೆಯೇ ಎಂದು ನೀವು ಕೇಳಬಹುದು. ಅವರು ಮಾಡಿದ ಏರ್ಪಾಡು ಹೀಗಿತ್ತು: ಈಗ ಕೊಂಡವರಿಗೆ ಸುಮಾರು 10 ಯೂರೋ, ಮುಂದಿನ ಹಂತದಲ್ಲಿ 15, ಪೂರ್ತಿಯಾದ ಮೇಲೆ 20. ಮೊದಲು ಕೊಂಡವರಿಗೆ ಮುಂದಿನ ತಿದ್ದುಪಡಿಗಳೆಲ್ಲ ಮತ್ತೆ ಹಣ ಕೊಡದೆ ಸಿಗುತ್ತಿದ್ದವು. ಹೀಗೆ ಕಟ್ಟಡದ ಅಡಿಪಾಯ ಹಾಕುವಾಗಲೇ ಬಾಡಿಗೆದಾರರು ಒಳಗೆ ಬಂದು ಕೂತರು. ಕಿಟಕಿ ಎಲ್ಲಿರಬೇಕು, ಮೆಟ್ಟಿಲು ಎಲ್ಲಿ ಸವೆದಿದೆ ಎಂದು ಅವರೇ ಹೇಳತೊಡಗಿದರು. ದೋಷ ಕಂಡೊಡನೆ ಪರ್ಸನ್‌ಗೆ ತಿಳಿಯುತ್ತಿತ್ತು, ಕೆಲವೇ ದಿನಗಳಲ್ಲಿ ಹೊಸ ರೂಪ ಹೊರಬರುತ್ತಿತ್ತು.

ಆದರೂ ಆ ಬೇಸಿಗೆಯ ಆಟದಲ್ಲಿ ಏನೋ ಕೊರತೆ ಇತ್ತು. ಇಟ್ಟಿಗೆಗಳು ಎಷ್ಟು ಬೇಕಾದರೂ ಪುಕ್ಕಟೆಯಾಗಿ ಸಿಗುತ್ತಿದ್ದವು, ಮನೆ ಕಟ್ಟಬಹುದಿತ್ತು, ಆದರೆ ಮನೆ ಯಾಕೆ ಬೇಕು? ಇದಕ್ಕೆ ಸಿಕ್ಕ ಉತ್ತರವೇ ನನ್ನ ಅಭಿಪ್ರಾಯದಲ್ಲಿ ಪರ್ಸನ್ ಅವರ ಅತಿ ದೊಡ್ಡ ಕೊಡುಗೆ. 2009ರ ಸೆಪ್ಟೆಂಬರಿನಿಂದ ಅವರು ಬದುಕಿ ಉಳಿಯುವ ಆಟವನ್ನು ಪರೀಕ್ಷಿಸತೊಡಗಿದರು. ಇಟ್ಟಿಗೆ ಬೇಕೆಂದರೆ ಅಗೆದೇ ಗಳಿಸಬೇಕು. ವೈರಿಗಳು ಇರುತ್ತಾರೆ, ಪೆಟ್ಟು ಬೀಳುತ್ತದೆ. ಆಮೇಲೆ ಹಗಲು ರಾತ್ರಿಗಳು ಬಂದವು. ಕತ್ತಲಾದರೆ ಪ್ರಾಣಿಗಳು, ಪಿಶಾಚಿಗಳು ಹೊರಬೀಳುತ್ತವೆ. ಸೂರ್ಯ ಇಳಿಯುವುದನ್ನು ನೋಡುತ್ತ ಅವಸರದಲ್ಲಿ ನಾಲ್ಕು ಗೋಡೆ ಎಬ್ಬಿಸಿ, ಒಳಗೆ ಕೂತು, ಹೊರಗಿನ ಸದ್ದು ಕೇಳುತ್ತ ಬೆಳಗಿಗಾಗಿ ಕಾಯಬೇಕು. ಮನುಷ್ಯ ಮನೆ ಕಟ್ಟಲು ಕಲಿತ ಕಾರಣವೇ ಇದಲ್ಲವೆ? 2010ರ ಆರಂಭದಲ್ಲಿ ಮರ, ಕಲ್ಲು ಜೋಡಿಸಿ ಸಲಕರಣೆ ಮಾಡಿಕೊಳ್ಳುವ ವಿಧಾನವೂ ಸೇರಿತು. ಎರಡು ಕಡ್ಡಿ, ಮೂರು ಕಲ್ಲನ್ನು ಸರಿಯಾದ ಮನೆಗಳಲ್ಲಿ ಇಟ್ಟರೆ ಗುದ್ದಲಿ. ಯಾವುದಕ್ಕೆ ಯಾವ ಜೋಡಣೆ ಎಂದು ಆಟದೊಳಗೆ ಎಲ್ಲೂ ಬರೆದಿರಲಿಲ್ಲ. ಆಡುವವರು ಪತ್ತೆ ಮಾಡಿ ಒಬ್ಬರಿಗೊಬ್ಬರು ಹೇಳಿಕೊಂಡರು.

ಈ ಆಟದ ಅತಿ ಪ್ರಸಿದ್ಧ ವೈರಿ ಕ್ರೀಪರ್. ಹಸಿರು ಮೈ, ಕೈಗಳಿಲ್ಲ, ಸದ್ದಿಲ್ಲದೆ ಹತ್ತಿರ ಬಂದು ಸಿಡಿದು ನೀವು ಕಟ್ಟಿದ್ದನ್ನೆಲ್ಲ ಹಾಳು ಮಾಡುತ್ತದೆ. ಪರ್ಸನ್ ಮಾಡಹೊರಟಿದ್ದು ಹಂದಿಯನ್ನು. ಅಂಕಿಗಳನ್ನು ಬರೆಯುವಾಗ ಉದ್ದದ ಜಾಗದಲ್ಲಿ ಎತ್ತರ, ಎತ್ತರದ ಜಾಗದಲ್ಲಿ ಉದ್ದ ಬಿತ್ತು. ಹಂದಿ ನೆಟ್ಟಗೆ ಎದ್ದು ನಿಂತಿತು! ನಾವಾದರೆ ನಾಲಿಗೆ ಕಚ್ಚಿಕೊಂಡು ಅಳಿಸಿಬಿಡುತ್ತಿದ್ದೆವು. ಅವರು ಒಮ್ಮೆ ದಿಟ್ಟಿಸಿ ನೋಡಿ ಅದನ್ನು ಇಟ್ಟುಕೊಂಡರು.

2010ರ ಫೆಬ್ರವರಿಯಲ್ಲಿ ಪ್ರಪಂಚದ ಅಂಚನ್ನೇ ತೆಗೆದುಹಾಕಲಾಯಿತು. ಎಷ್ಟು ನಡೆದರೂ ಮುಂದೆ ನೆಲ ಇದ್ದೇ ಇರುತ್ತದೆ. ಇದು ಹೇಗೆ ಸಾಧ್ಯ, ಅಷ್ಟು ನೆಲವನ್ನು ಎಲ್ಲಿ ಇಟ್ಟಿರುತ್ತಾರೆ? ಎಲ್ಲೂ ಇಟ್ಟಿರುವುದಿಲ್ಲ. ಪ್ರತಿ ಪ್ರಪಂಚಕ್ಕೂ ಒಂದು ಬೀಜಸಂಖ್ಯೆ ಇರುತ್ತದೆ. ನೀವು ನಿಂತ ಸ್ಥಾನದ ಅಂಕಿಗಳನ್ನೂ ಆ ಬೀಜವನ್ನೂ ಒಂದು ಸೂತ್ರಕ್ಕೆ ಕೊಟ್ಟರೆ ಅಲ್ಲಿ ಬೆಟ್ಟವೋ ಕಣಿವೆಯೋ ಎಂದು ಅದು ಹೇಳುತ್ತದೆ. ನೀವು ಹತ್ತಿರ ಹೋದಾಗಲೇ ಆ ನೆಲ ಹುಟ್ಟುತ್ತದೆ. ಬೀಜ ಒಂದೇ ಆದರೆ ಬೆಟ್ಟಗಳೂ ಅವೇ. ಈ ಸೂತ್ರದ ಬುಡದಲ್ಲಿರುವುದು ಕೆನ್ ಪರ್ಲಿನ್ ಎಂಬ ಅಮೆರಿಕದ ಗಣಕ ವಿಜ್ಞಾನಿ ರೂಪಿಸಿ 1985ರಲ್ಲಿ ಪ್ರಕಟಿಸಿದ ವಿಧಾನ. ಕಂಪ್ಯೂಟರ್ ಚಿತ್ರಗಳು ತೀರ ನುಣುಪಾಗಿ, ಯಾಂತ್ರಿಕವಾಗಿ ಕಾಣುತ್ತವೆಂದು ಬೇಸತ್ತು ಅವರು ಮೋಡ, ಅಮೃತಶಿಲೆಗಳ ಸಹಜ ಏರುಪೇರನ್ನು ಲೆಕ್ಕದಿಂದ ತರುವ ದಾರಿ ಹುಡುಕಿದ್ದರು. ನೋಡಿ, ಆಟದ ಬೆಟ್ಟಗಳೂ ಸಾಲವಾಗಿ ಬಂದವೇ.

ಅಂಚಿಲ್ಲ ಎಂದೆನಷ್ಟೆ? ಒಂದು ತರಹದ ಅಂಚು ಇತ್ತು. ಆರಂಭದ ಬಿಂದುವಿನಿಂದ 1,25,50,821 ಇಟ್ಟಿಗೆಗಳ ದೂರದಲ್ಲಿ ನೆಲ ಹುಚ್ಚು ಹಿಡಿದಂತೆ ಗೋಡೆಯಾಗಿ ಎದ್ದು, ಒಳಗೆಲ್ಲ ತೂತು ಬಿದ್ದು ನಿಲ್ಲುತ್ತಿತ್ತು. ಸೂತ್ರದೊಳಗೆ ಸ್ಥಾನದ ಅಂಕಿಯನ್ನು ಸುಮಾರು 171ರಿಂದ ಗುಣಿಸಲಾಗುತ್ತದೆ. ಅಷ್ಟು ದೂರದಲ್ಲಿ ಗುಣಲಬ್ಧ 2,14,74,83,647ನ್ನು ದಾಟುತ್ತದೆ. 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ಪಾತ್ರೆ ತುಂಬಿ ಲೆಕ್ಕ ಚೆಲ್ಲುತ್ತದೆ. ಒಂದು ಇಟ್ಟಿಗೆಯನ್ನು ಒಂದು ಮೀಟರ್ ಎಂದು ಹಿಡಿದರೆ ಇದು 12,550 ಕಿಲೋಮೀಟರ್, ಹೆಚ್ಚುಕಡಿಮೆ ಭೂಮಿಯ ವ್ಯಾಸದಷ್ಟು. ಆಟದ ನಡಿಗೆಯ ವೇಗದಲ್ಲಿ ಹಗಲಿರುಳು ನಡೆದರೂ ಒಂದು ತಿಂಗಳು ಮೀರುತ್ತದೆ. ಆಡುವವರು ಇದಕ್ಕೆ 'ದೂರದ ನಾಡು' ಎಂಬರ್ಥದ ಹೆಸರಿಟ್ಟು ಪ್ರೀತಿಸಿದರು. 2011ರ ಸೆಪ್ಟೆಂಬರಿನಲ್ಲಿ ಸೂತ್ರ ಬದಲಾದಾಗ ಅದು ಮಾಯವಾಯಿತು, ಹಲವರು ಮರುಗಿದರು.

2010ರಲ್ಲಿ ಮಾರಾಟ ಏರುತ್ತ ಹೋದಾಗ ಪರ್ಸನ್ ನೌಕರಿ ಬಿಟ್ಟರು. ಯಾಕೋಬ್ ಪೋರ್ಶೆರ್ ಎಂಬ ಹಳೆಯ ಸಹೋದ್ಯೋಗಿ ಜೊತೆಯಾದರು, ಮೊಯಾಂಗ್ ಎಂಬ ಕಂಪನಿ ಹುಟ್ಟಿತು. ಮೊಯಾಂಗ್ ಎಂದರೆ ಸ್ವೀಡನ್ನಿನ ಮಾತಿನಲ್ಲಿ ಹೆಸರು ನೆನಪಾಗದ ಸಣ್ಣ ಸಲಕರಣೆ. ಆಟಕ್ಕೆ ಸಂಗೀತ ಕೊಟ್ಟವರು ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್. 2011ರ ಜನವರಿಯಲ್ಲಿ ಹತ್ತು ಲಕ್ಷದ ಪ್ರತಿ ಮಾರಾಟವಾಯಿತು. ಆಟ ಆಗಲೂ ಪೂರ್ತಿಯಾಗಿರಲಿಲ್ಲ! 2011ರ ನವೆಂಬರ್ 18ರಂದು, ಅಮೆರಿಕದ ಲಾಸ್ ವೇಗಸ್‌ನಲ್ಲಿ ಆಟಗಾರರ ಸಮ್ಮೇಳನ ಸೇರಿಸಿ, ಇದು ಪೂರ್ಣರೂಪ ಎಂದು ಸಾರಿದರು. ಕೆಲವೇ ದಿನಗಳಲ್ಲಿ ಪರ್ಸನ್ ಮುಂದಿನ ಹೊಣೆಯನ್ನು ಯೆನ್ಸ್ ಬೆರ್ಗೆನ್‌ಸ್ಟೆನ್ ಎಂಬ ಸಹೋದ್ಯೋಗಿಗೆ ಒಪ್ಪಿಸಿದರು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕಂಪನಿಯನ್ನು ಕೊಂಡಿತು.

ಹಾಗಾದರೆ ಆಟ ಯಾರದು? ಘನಗಳ ಬೆಟ್ಟ ಬಾರ್ತ್ ಅವರದು, ಏರುಪೇರಿನ ಲೆಕ್ಕ ಪರ್ಲಿನ್ ಅವರದು, ಲೋಕದ ಕಲ್ಪನೆಯಲ್ಲಿ ಆಡಮ್ಸ್ ಸಹೋದರರ ಪಾಲಿದೆ. ರಾತ್ರಿ, ಮನೆ, ಎದ್ದು ನಿಂತ ಹಂದಿ ಪರ್ಸನ್ ಅವರವು. ಸಾಲ ಮಾಡಿದ್ದನ್ನು ಅವರು ಮೊದಲ ದಿನವೇ ಹೇಳಿದ್ದರು ಎಂಬುದನ್ನು ನಾನು ಅವರ ಲೆಕ್ಕಕ್ಕೆ ಜಮಾ ಹಾಕುತ್ತೇನೆ. ಮುಂದಿನ ವರ್ಷಗಳಲ್ಲಿ ಅವರು ಆಡಿದ ಕೆಲವು ಮಾತುಗಳಿಂದ ವಿವಾದಗಳಾದವು. 2019ರಲ್ಲಿ ಆಟದ ಹತ್ತನೆಯ ವರ್ಷದ ಸಮಾರಂಭಕ್ಕೆ ಅವರನ್ನು ಕರೆಯಲಿಲ್ಲ. ಅದು ಬೇರೆಯದೇ ಚರ್ಚೆ.

ಬಾರ್ತ್ ಏನಾದರು ಎಂದು ನೀವು ಕೇಳುತ್ತೀರಿ. ಅವರು ಬೇರೆ ದಾರಿ ಹಿಡಿದು ಒಗಟಿನ ಆಟಗಳನ್ನು ಮಾಡಿದರು. 2011ರಲ್ಲಿ ಬಂದ ಅವರ ಸ್ಪೇಸ್‌ಕೆಮ್ ಆಟದಲ್ಲಿ ಪರಮಾಣುಗಳನ್ನು ಜೋಡಿಸಿ ಅಣುಗಳನ್ನು ಕಟ್ಟಬೇಕು. ಕ್ರಮವಿಧಿ ಬರೆಯುವವರು ಅದನ್ನು ಬಹಳ ಮೆಚ್ಚಿಕೊಂಡರು. ಅವರು ಅಂದು ಬಿಟ್ಟುಕೊಟ್ಟ ಇನ್ಫಿನಿಮೈನರ್‌ನ ಮೂಲ ಸಂಕೇತ ಈಗಲೂ ಎಲ್ಲರಿಗೂ ತೆರೆದಿದೆ. ನಿಮ್ಮ ಶಾಲೆಯ, ಕಾಲೇಜಿನ ಕಂಪ್ಯೂಟರಿನಲ್ಲಿ ನೀವೂ ಅದನ್ನು ತೆರೆದು ಸಾಲು ಸಾಲಾಗಿ ಓದಬಹುದು.